ಪಂದ್ಯ ನೋಡಲು ಮನೆಗೆ ಜನರನ್ನು ಕರೆಯುವವರು ತಿಂಡಿಗೆ ಆರ್ಡರ್ ಕೊಡುವ ಮುನ್ನ ಓದಿ

ಫೈನಲ್ ಪಂದ್ಯ ನೋಡಲು ಮನೆತುಂಬ ಜನರನ್ನು ಕರೆದು, ಕೈಯಲ್ಲೇ ಎತ್ತಿ ತಿನ್ನುವ ತಿಂಡಿಗಳನ್ನು ಹೊರಗಿನಿಂದ ದೊಡ್ಡ ಟ್ರೇಗಳಲ್ಲಿ ತರಿಸುವ ಆಲೋಚನೆ ಇದ್ದರೆ ದಯವಿಟ್ಟು ಒಂದು ಮಾತು ಕೇಳಿ. ಎಷ್ಟು ಬಗೆ, ತಲೆಗೆ ಎಷ್ಟು ತುಂಡು ಎಂಬ ಲೆಕ್ಕ ಆಮೇಲಿರಲಿ. ಆ ತಿಂಡಿ ಎಷ್ಟು ಗಂಟೆಗೆ ಒಲೆಯಿಂದ ಇಳಿಯಿತು, ಎಷ್ಟು ಗಂಟೆಯವರೆಗೆ ಮೇಜಿನ ಮೇಲೆ ಇರಲಿದೆ ಎಂಬುದನ್ನು ಮೊದಲು ಕೇಳಿಕೊಳ್ಳಿ. ನಾವು ಹೋಗಿದ್ದ ಮನೆಯಲ್ಲಿ ಈ ಪ್ರಶ್ನೆಗೆ ತಿಂಡಿ ತಂದವರು ಸುಳ್ಳು ಹೇಳಿದರು. ಆ ರಾತ್ರಿ ಅಲ್ಲಿ ತಿಂದವರಲ್ಲಿ ಹೆಚ್ಚಿನವರು ಬೆಳಗಿನವರೆಗೆ ವಾಂತಿ ಮಾಡಿಕೊಂಡರು. ಗೆಳೆಯನ ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ಅದು ಫುಟ್‌ಬಾಲ್ ಫೈನಲ್, ರಾತ್ರಿ ಎಂಟಕ್ಕೆ ಆರಂಭ. ಗೆಳೆಯ ಕೇಟರಿಂಗ್‌ನವರಿಗೆ ಸ್ಪಷ್ಟವಾಗಿ ಹೇಳಿದ್ದ: ಏಳೂವರೆಯ ನಂತರವೇ ತರಬೇಕು, ಆಗಷ್ಟೇ ಮಾಡಿದ್ದಾಗಿರಬೇಕು. ಅವರು ಬಂದದ್ದು ಐದೂವರೆಗೆ. ಆ ಸಂಜೆ ಬೇರೆ ಮನೆಗಳಿಗೂ ತಲುಪಿಸಬೇಕಿತ್ತಂತೆ. ಚಿಕನ್ ವಿಂಗ್ಸ್, ಎಳೆ ಎಳೆಯಾಗಿ ಬಿಡಿಸಿದ ಚಿಕನ್ನಿಗೆ ಮಯೋನೀಸ್ ಕಲಸಿ ಮಾಡಿದ ಸ್ಯಾಂಡ್‌ವಿಚ್, ಚೀಸ್ ಡಿಪ್, ಕತ್ತರಿಸಿದ ಕಲ್ಲಂಗಡಿ, ಹುರಿದ ಶೇಂಗಾ ಎಲ್ಲವೂ ಒಂದೇ ಸಲ ಬಂದವು. ಟ್ರೇ ಎತ್ತಿಡಲು ನಾನು ಕೈಕೊಟ್ಟಾಗ ವಿಂಗ್ಸ್ ಟ್ರೇಯ ತಳ ಉಗುರುಬೆಚ್ಚಗಿತ್ತು, ಅಷ್ಟೇ. ಪಾರದರ್ಶಕ ಮುಚ್ಚಳದ ಒಳಮೈಯಲ್ಲಿ ನೀರಿನ ಹನಿಗಳು ಕಟ್ಟಿದ್ದವು, ಕೆಲವು ಆಗಲೇ ಜಾರಿ ತಿಂಡಿಯ ಮೇಲೆ ಬಿದ್ದಿದ್ದವು. ಬಿಸಿಯೇ ಇಲ್ಲವಲ್ಲ ಎಂದು ಕೇಳಿದೆ. ‘ಈಗಷ್ಟೇ ಇಳಿಸಿದ್ದು ಸರ್, ಹಾಟ್ ಬ್ಯಾಗ್‌ನಲ್ಲೇ ತಂದಿದ್ದೇವೆ, ದಾರಿಯಲ್ಲಿ ಸ್ವಲ್ಪ ಆರಿದೆ’ ಎಂದು ತಂದಾತ ಹೇಳಿದ. ಮಾರನೆಯ ದಿನ ಪಾತ್ರೆ ಪಗಡೆ ತೆಗೆಯುವಾಗ ಸ್ಯಾಂಡ್‌ವಿಚ್ ಡಬ್ಬಿಯ ತಳದಲ್ಲಿ ಒಂದು ಸಣ್ಣ ಚೀಟಿ ಸಿಕ್ಕಿತು. ಅಡುಗೆಮನೆಯವರು ತಮ್ಮ ಗುರುತಿಗೆ ಅಂಟಿಸಿಕೊಂಡಿದ್ದ ಚೀಟಿ ಅದು. ತಯಾರಿಸಿದ ಸಮಯ: ಬೆಳಿಗ್ಗೆ 11.

ಅಂದರೆ ಆಟದ ಮೊದಲ ಸೀಟಿ ಊದುವಾಗಲೇ ಆ ಸ್ಯಾಂಡ್‌ವಿಚ್‌ಗೆ ಒಂಬತ್ತು ಗಂಟೆ ವಯಸ್ಸಾಗಿತ್ತು. ಬೇಯಿಸಿದ ಆಹಾರವನ್ನು ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೆಕೆ ಜೋರಾಗಿದ್ದು 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದು ಗಂಟೆಯೇ ಹೆಚ್ಚು. 5 ಡಿಗ್ರಿಯಿಂದ 60 ಡಿಗ್ರಿಯ ನಡುವಿನ ಉಷ್ಣತೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಅವು ಇಮ್ಮಡಿಯಾಗಬಲ್ಲವು. ಆ ವೇಗದಲ್ಲಿ ಒಂದು ಇದ್ದದ್ದು ಎರಡು ಗಂಟೆಯಲ್ಲಿ 64, ನಾಲ್ಕು ಗಂಟೆಯಲ್ಲಿ 4096. ನನ್ನ ಕೈಗೆ ಹಿತವೆನಿಸಿದ ಆ ಉಗುರುಬೆಚ್ಚಗಿನ ಶಾಖವೇ ಅವಕ್ಕೂ ಹಿತ.

ಪಂದ್ಯಗಳ ತೊಂದರೆ ಏನೆಂದರೆ, ಅವು ನಾವು ಅಂದುಕೊಂಡ ಹೊತ್ತಿಗೆ ಮುಗಿಯುವುದಿಲ್ಲ. ಫುಟ್‌ಬಾಲ್ ಎಂದರೆ 90 ನಿಮಿಷ, ನಡುವೆ 15 ನಿಮಿಷದ ವಿರಾಮ ಎಂದುಕೊಳ್ಳುತ್ತೇವೆ. ಸಮಬಲವಾದರೆ ಇನ್ನೂ 30 ನಿಮಿಷ, ಅದರ ಮೇಲೆ ಪೆನಾಲ್ಟಿ. 2022ರ ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾ ಮತ್ತು ಫ್ರಾನ್ಸ್ 3–3ರಲ್ಲಿ ನಿಂತು ಪೆನಾಲ್ಟಿಗೆ ಹೋದದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ ಸೋಫಾ ಬಿಟ್ಟೆದ್ದು ತಿಂಡಿಯನ್ನು ಫ್ರಿಜ್‌ಗೆ ಸೇರಿಸುವವರು ಯಾರು? ಏಕದಿನ ಕ್ರಿಕೆಟ್ ಆದರಂತೂ ಇಡೀ ದಿನದ ವ್ಯವಹಾರ. 2019ರ ವಿಶ್ವಕಪ್ ಫೈನಲ್ ನೂರು ಓವರ್ ಮುಗಿದ ಮೇಲೂ ಸೂಪರ್ ಓವರ್‌ಗೆ ಹೋಯಿತು. ಮಳೆ ಬಂದರೆ ಇನ್ನೂ ತಡ. ಕಣ್ಣು ಪರದೆಯ ಮೇಲಿದ್ದಾಗ ಕೈ ತನ್ನಷ್ಟಕ್ಕೆ ಟ್ರೇಗೆ ಹೋಗುತ್ತದೆ, ಏನು ತಿನ್ನುತ್ತಿದ್ದೇವೆ ಎಂದು ಯಾರೂ ನೋಡುವುದಿಲ್ಲ. ಗೋಲು ಬಿದ್ದಾಗ ಅದೇ ಕೈಗಳು ಒಂದಕ್ಕೊಂದು ತಟ್ಟಿಕೊಳ್ಳುತ್ತವೆ, ಅದೇ ಕೈ ರಿಮೋಟ್ ಹಿಡಿಯುತ್ತದೆ. ಆ ರಾತ್ರಿ ರಿಮೋಟ್‌ನ ಗುಂಡಿಗಳ ಸಂದಿಯಲ್ಲಿ ಸಾಸ್ ಒಣಗಿ ಅಂಟಾಗಿತ್ತು. ಕೈಯಲ್ಲೇ ತಿನ್ನುವ ತಿಂಡಿಗೆ ಇಕ್ಕಳ ಏಕೆ ಎನ್ನುವವರು ಇದನ್ನು ಯೋಚಿಸಬೇಕು.

ವಿರಾಮದಲ್ಲಿ ಗೆಳೆಯನ ಹೆಂಡತಿ ವಿಂಗ್ಸ್ ಮತ್ತು ಸ್ಯಾಂಡ್‌ವಿಚ್ ಎರಡನ್ನೂ ಮೈಕ್ರೊವೇವ್‌ನಲ್ಲಿ ಚೆನ್ನಾಗಿ ಬಿಸಿ ಮಾಡಿ ತಂದರು. ಎಲ್ಲರೂ ನೆಮ್ಮದಿಯಿಂದ ತಿಂದರು. ವಾಸನೆ ಇರಲಿಲ್ಲ, ರುಚಿ ಕೆಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಎಲ್ಲವನ್ನೂ ಕೇಳಿ, ಲಕ್ಷಣ ಮತ್ತು ಸಮಯ ನೋಡಿದರೆ ಇದು ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷ ಇರಬೇಕು ಎಂದರು. ಇದು ಆರೋಗ್ಯವಂತರ ಚರ್ಮದಲ್ಲಿ, ಮೂಗಿನಲ್ಲಿಯೇ ಇರುತ್ತದೆ. ಬೇಯಿಸಿದ ಚಿಕನ್ನನ್ನು ಯಾರೋ ಬರಿಗೈಯಲ್ಲಿ ಬಿಡಿಸಿದರೆ, ಬೆರಳಲ್ಲಿ ಸಣ್ಣ ಗಾಯವಿದ್ದರೆ, ಅಷ್ಟು ಸಾಕು. ಆಮೇಲೆ ಅದನ್ನು ಬೆಚ್ಚಗೆ ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆದು ಆಹಾರದಲ್ಲೇ ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಮಾತ್ರ ಹಾಗೇ ಉಳಿಯುತ್ತದೆ. ಕುದಿಸಿದರೂ ಅದು ಜಗ್ಗುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ಇದ್ದಕ್ಕಿದ್ದಂತೆ ವಾಂತಿ, ಹೊಟ್ಟೆನುಲಿತ, ಭೇದಿ. ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಆದರೆ ವಯಸ್ಸಾದವರ, ಮಕ್ಕಳ ಮೈಯಿಂದ ಅಷ್ಟರಲ್ಲೇ ಅಪಾಯವಾಗುವಷ್ಟು ನೀರು ಹೋಗಿಬಿಡಬಹುದು. ಬಾತ್‌ರೂಮಿನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಆ ಅಮ್ಮನಿಗೆ ನಾಲಿಗೆ ಒಣಗಿ ಮಾತು ಹೊರಡುತ್ತಿರಲಿಲ್ಲ. ಅವರು ಪಂದ್ಯ ನೋಡಿದವರೂ ಅಲ್ಲ, ಒಳಕೋಣೆಗೆ ಯಾರೋ ಪ್ರೀತಿಯಿಂದ ಒಂದು ತಟ್ಟೆ ಕೊಟ್ಟಿದ್ದರು.

ಹಲವರು ಮಯೋನೀಸ್‌ನದೇ ತಪ್ಪು ಎಂದರು. ಬಾಟಲಿಯ ಮಯೋನೀಸ್‌ನಲ್ಲಿ ವಿನೆಗರ್ ಅಥವಾ ನಿಂಬೆರಸದ ಹುಳಿ ಇರುವುದರಿಂದ ಅದರಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುವುದಿಲ್ಲ. ಕೈಯಲ್ಲಿ ಬಿಡಿಸಿದ ಚಿಕನ್ ಅದಕ್ಕೆ ಸೇರಿದಾಗ ಆ ಹುಳಿಯ ರಕ್ಷಣೆ ತೆಳುವಾಗುತ್ತದೆ. ಹಾಗಾಗಿ ಮಯೋನೀಸ್ ಬಿಟ್ಟು ಬೇರೆ ಸಾಸ್ ಹಾಕಿಸಿದೆವು, ಇನ್ನು ಭಯವಿಲ್ಲ ಎಂದು ಸುಮ್ಮನಿರಬೇಡಿ.

ಕೇಟರಿಂಗ್‌ನವರು ಫೋನಿನಲ್ಲಿ ಹೇಳಿದ್ದು ಇಷ್ಟು: ತಂದ ತಕ್ಷಣ ತಿನ್ನಬೇಕಿತ್ತು, ನೀವು ಇಟ್ಟುಕೊಂಡದ್ದಕ್ಕೆ ನಾವು ಹೊಣೆಯಲ್ಲ. ಚೀಟಿಯ ಫೋಟೊ ಕಳಿಸಿದ ಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಈ ಮಾತು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಆರ್ಡರ್ ಕೊಡುವಾಗ, ತಿಂಡಿ ತಯಾರಿಸಿದ ಸಮಯವನ್ನು ಕೇಟರಿಂಗ್‌ನವರು ಪ್ರತಿ ಡಬ್ಬಿಯ ಮೇಲೆ ಬರೆದು ಕಳಿಸಬೇಕು ಎಂದು ಮೊದಲೇ ಸಂದೇಶದಲ್ಲಿ ಬರೆದು ಒಪ್ಪಿಗೆ ಪಡೆಯಿರಿ. ಒಪ್ಪದವರನ್ನು ಅಲ್ಲಿಗೇ ಬಿಡಿ. ಬಿಸಿ ತಿಂಡಿಯನ್ನು ಎರಡು ಕಂತಿನಲ್ಲಿ ತರಿಸಿ, ಒಂದು ಆಟದ ಆರಂಭಕ್ಕೆ, ಇನ್ನೊಂದು ವಿರಾಮಕ್ಕೆ. ಅದಕ್ಕೆ ಒಪ್ಪದಿದ್ದರೆ ಮಾಂಸದ ತಿಂಡಿಯನ್ನೇ ಕೈಬಿಡಿ, ಕಳೆದುಕೊಳ್ಳುವುದು ಏನೂ ಇಲ್ಲ. ಪಾಪ್‌ಕಾರ್ನ್, ಚಿಪ್ಸ್, ಹುರಿದ ಬೀಜಗಳು, ಬಿಸ್ಕತ್ತು, ಇಡಿಯ ಹಣ್ಣು ಇಂಥ ಪದಾರ್ಥಗಳು ಪಂದ್ಯ ಎಷ್ಟು ಹೊತ್ತು ಎಳೆದರೂ ತಡೆಯುತ್ತವೆ. ಅಡುಗೆಗೆ ಬಳಸುವ ಚುಚ್ಚುವ ಥರ್ಮಾಮೀಟರ್ ಒಂದು ಮನೆಯಲ್ಲಿದ್ದರೆ ಯಾರ ಮಾತನ್ನೂ ನಂಬಬೇಕಿಲ್ಲ: ಬಿಸಿಯಾಗಿ ಬಂದ ಟ್ರೇಯ ನಡುವೆ 60 ಡಿಗ್ರಿಗಿಂತ ಕಡಿಮೆ ತೋರಿಸಿದರೆ ವಾಪಸ್ ಕಳಿಸಿ. ಚಿಕನ್ ನೀವೇ ಮಾಡುವುದಾದರೆ ದಪ್ಪ ಭಾಗದ ಒಳಗೆ 74 ಡಿಗ್ರಿ ಮುಟ್ಟಬೇಕು. ಕೆಳಗೆ ಉರಿ ಇಡುವ ಬಫೆ ಪಾತ್ರೆ ಬಿಸಿಯನ್ನು ಕಾಯುತ್ತದೆ ಅಷ್ಟೇ, ಆರಿದ್ದನ್ನು ಬಿಸಿ ಮಾಡಲು ಅದು ಸಾಲದು. ಡಿಪ್ ಮತ್ತು ಕತ್ತರಿಸಿದ ಹಣ್ಣಿನ ಬಟ್ಟಲನ್ನು ಮಂಜುಗಡ್ಡೆಯ ಮೇಲೆ ಕೂರಿಸಿ. ಸ್ವಲ್ಪ ಸ್ವಲ್ಪವೇ ಹೊರಗಿಡಿ. ಅರ್ಧ ಖಾಲಿಯಾದ ಬಟ್ಟಲಿಗೆ ಮೇಲಿಂದ ಹೊಸದನ್ನು ಸುರಿಯಬೇಡಿ, ಬಟ್ಟಲನ್ನೇ ಬದಲಿಸಿ. ಆಟದ ಮೇಲೆ ಅಷ್ಟು ಆಸಕ್ತಿ ಇಲ್ಲದವರೊಬ್ಬರು ಮೊಬೈಲ್‌ನಲ್ಲಿ ಎರಡು ಗಂಟೆಯ ಅಲಾರಂ ಇಟ್ಟುಕೊಂಡು, ಅದು ಹೊಡೆದಾಗ ಸ್ಕೋರ್ ಏನೇ ಇರಲಿ, ಮೇಜು ಖಾಲಿ ಮಾಡಲಿ.

ಚಿಕ್ಕ ಮಕ್ಕಳು ಬರುವ ಮನೆಯಲ್ಲಿ ಇಡಿಯ ದ್ರಾಕ್ಷಿ, ಬೀಜಗಳು, ಪಾಪ್‌ಕಾರ್ನ್, ಗುಂಡಗೆ ಕತ್ತರಿಸಿದ ಸಾಸೇಜ್ ಅವರ ಕೈಗೆಟುಕದಂತಿರಲಿ. ದೊಡ್ಡವರೆಲ್ಲ ಕೂಗುತ್ತಿರುವಾಗ ಗಂಟಲಿಗೆ ಸಿಕ್ಕಿಕೊಂಡ ಮಗುವಿನ ಸದ್ದು ಕೇಳುವುದಿಲ್ಲ. ಶೇಂಗಾ, ಎಳ್ಳು ಅಲರ್ಜಿ ಯಾರಿಗಿದೆ ಎಂದು ಕರೆಯುವಾಗಲೇ ಕೇಳಿ.

ಇಷ್ಟರ ಮೇಲೂ ಯಾರಾದರೂ ಅಸ್ವಸ್ಥರಾದರೆ ಒಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಿ. ಕುಡಿದದ್ದು ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ ಬೆಳಗಾಗಲಿ ಎಂದು ಕಾಯಬೇಡಿ. ಉಳಿದ ತಿಂಡಿಯನ್ನು ಎಸೆಯುವ ಮೊದಲು ಡಬ್ಬಿ, ಚೀಟಿ, ಬಿಲ್ ಎಲ್ಲದರ ಫೋಟೊ ತೆಗೆಯಿರಿ. ಸ್ವಲ್ಪ ತಿಂಡಿಯನ್ನು ಮುಚ್ಚಿ, ಯಾರೂ ತಿನ್ನದಂತೆ ಗುರುತು ಹಾಕಿ ಫ್ರಿಜ್‌ನಲ್ಲಿಟ್ಟು ನಿಮ್ಮ ಊರಿನ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ಕೊಡಿ. ಗೆಳೆಯನೂ ಕೊಟ್ಟಿದ್ದಾನೆ, ಚೀಟಿ ಅಂಟಿದ್ದ ಆ ಡಬ್ಬಿಯ ಸಮೇತ.