ತೋಟದ ಶೆಡ್ಡಿಗೆ ಯಾವ ಮಿಲಿಟರಿ ಗಾಡಿ? ಜೀಪು, ಜೊಂಗಾ, ಜಿಪ್ಸಿ ಮತ್ತು ಒಂದು ಫೆರೆಟ್

ಕೊಡಗಿನಲ್ಲಿ ಮಿಲಿಟರಿ ಹುಚ್ಚು ಹೊಸದಲ್ಲ. ಯಾವ ಕುಟುಂಬದಲ್ಲಿ ಕೇಳಿದರೂ ಸೇನೆಯಲ್ಲಿ ಇದ್ದವರೊಬ್ಬರು ಸಿಗುತ್ತಾರೆ. ಹಳೆಯ ಮಿಲಿಟರಿ ಗಾಡಿ ಇಟ್ಟುಕೊಳ್ಳುವ ಆಸೆಯೂ ಅಲ್ಲಿಂದಲೇ ಬರುತ್ತದೆ. ನಾನು ನಾಲ್ಕು ಬಗೆಯ ಗಾಡಿ ಓಡಿಸಿ ನೋಡಿದ್ದೇನೆ. ಎರಡು ನಮ್ಮ ಶೆಡ್ಡಿನಲ್ಲೇ ಇವೆ. ಒಂದು, ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆ ತನಗೆ ಬೇಡವಾದದ್ದನ್ನು ಮಾರುವ ಡಿಸ್ಪೋಸಲ್‌ನಲ್ಲಿ ತಾತ ತಂದ ಫೋರ್ಡ್ ಜೀಪು. ಇನ್ನೊಂದು, ನಾನೂ ತಮ್ಮನೂ ಸೇರಿ ಕೊಂಡ ಜೊಂಗಾ, ಜಬಲ್ಪುರದಲ್ಲಿ ಕಟ್ಟಿದ ಸೇನೆಯ ಗಾಡಿ. ಮೂರನೆಯದು ಸ್ನೇಹಿತನ ಮಾರುತಿ ಜಿಪ್ಸಿ. ಮಳೆಗಾಲದಲ್ಲಿ ಅದು ಅರ್ಧ ನನ್ನದೇ. ನಾಲ್ಕನೆಯದು ಫೆರೆಟ್ ಎಂಬ ಆರ್ಮರ್ಡ್ ಕಾರು. ಅದನ್ನು ಇಂಗ್ಲೆಂಡಿನಲ್ಲಿ ದುಡ್ಡು ಕೊಟ್ಟು ಹೊಲದಲ್ಲಿ ಓಡಿಸಿದ್ದು.

ಮೊದಲೇ ಹೇಳಿಬಿಡುತ್ತೇನೆ, ಕೊಡಗಿಗೆ ನನ್ನ ಓಟು ಜೀಪಿಗೆ. ಓಡಿಸುವ ಖುಷಿಯಲ್ಲಿ ಜೊಂಗಾ ಮುಂದಿದೆ, ಅನುಮಾನವೇ ಇಲ್ಲ. ಆದರೆ ಇಂಥ ಗಾಡಿ ವರ್ಷದಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ನಿಂತಾಗ ಅದನ್ನು ಯಾರು ಬಿಚ್ಚುತ್ತಾರೆ, ಸಾಮಾನು ಎಲ್ಲಿಂದ ಬರುತ್ತದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಫೆರೆಟ್ ವಿಷಯ ಬೇಗ ಮುಗಿಸುತ್ತೇನೆ. ಆಸೆ ಎಲ್ಲರಿಗೂ ಅದರ ಮೇಲೆಯೇ ಅಲ್ವಾ? ಬ್ರಿಟನ್ನಿನ ಡೈಮ್ಲರ್ ಕಂಪನಿ 1952ರಿಂದ 1971ರವರೆಗೆ 4,409 ಫೆರೆಟ್ ಕಟ್ಟಿತು. ನಮ್ಮ ಸೇನೆಯಲ್ಲೂ ಇದ್ದವು. ತೂಕ ಮೂರೂವರೆ ಟನ್‌ಗೂ ಮೇಲೆ. ಒಳಗೆ ರೋಲ್ಸ್ ರಾಯ್ಸ್‌ನ 4.26 ಲೀಟರ್, ಆರು ಸಿಲಿಂಡರ್ ಪೆಟ್ರೋಲ್ ಇಂಜಿನ್. ಬ್ರಿಟನ್ನಿನಲ್ಲಿ ಇದನ್ನು ಮನೆ ಮುಂದೆ ನಿಲ್ಲಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. 40 ವರ್ಷ ದಾಟಿದ ಗಾಡಿಗೆ ಅಲ್ಲಿ ರಸ್ತೆ ತೆರಿಗೆಯೂ ಇಲ್ಲ.

ಓಡಿಸುವುದು ಮಾತ್ರ ಬೇರೆಯೇ ಲೋಕ. ಗೇರ್ ಲಿವರನ್ನು ಬೇಕಾದ ನಂಬರಿಗೆ ಇಟ್ಟರೆ ಏನೂ ಆಗುವುದಿಲ್ಲ. ಎಡಗಾಲಿನ ಪೆಡಲ್ ಪೂರ್ತಿ ಒತ್ತಿ ಬಿಟ್ಟಾಗಲೇ ಆ ಗೇರ್ ಬೀಳುತ್ತದೆ. ಅರ್ಧ ಒತ್ತಿದರೆ ಪೆಡಲ್ ತಿರುಗಿ ಕಾಲಿಗೇ ಒದೆಯುತ್ತದೆ. ಮುಂದಕ್ಕೆ ಐದು ಗೇರ್, ಹಿಂದಕ್ಕೂ ಐದು. ಹೊಲದಲ್ಲಿ ಇದೆಲ್ಲಾ ಮಜವಾಗಿಯೇ ಇತ್ತು. ತೊಂದರೆ ಇರುವುದು ಡಾಂಬರಿನಲ್ಲಿ. ಒಂದು ಬದಿಯ ಮುಂದಿನ ಚಕ್ರ, ಹಿಂದಿನ ಚಕ್ರ ಎರಡನ್ನೂ ಶಾಫ್ಟ್‌ಗಳು ಕಟ್ಟಿಹಾಕಿವೆ, ಒಂದೇ ವೇಗದಲ್ಲೇ ತಿರುಗಬೇಕು. ಮಣ್ಣಾದರೆ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ. ಗಟ್ಟಿ ರಸ್ತೆಯಲ್ಲಿ ತಿರುವು ಹೆಚ್ಚಾದಷ್ಟೂ ಶಾಫ್ಟ್‌ಗಳಲ್ಲಿ ಬಿಗಿ ಏರುತ್ತಾ ಹೋಗುತ್ತದೆ. ಆಗಾಗ ಒಂದು ಚಕ್ರವನ್ನು ದಿಬ್ಬಕ್ಕೆ ಹತ್ತಿಸಿ ಇಳಿಸಿ ಆ ಬಿಗಿ ಬಿಡಿಸಬೇಕು. ಸಂಪಾಜೆ ಘಾಟಿಯಲ್ಲಿ, ಹಿಂದೆ ಕೆಎಸ್‌ಆರ್‌ಟಿಸಿ ಬಸ್ಸು ಹಾರನ್ ಹೊಡೆಯುತ್ತಿರುವಾಗ ಎಲ್ಲಿ ದಿಬ್ಬ ಹುಡುಕುತ್ತೀರಿ?

ಸೇನೆಯ ಗಾಡಿ, ಯಂತ್ರಗಳನ್ನು ರಿಪೇರಿ ಮಾಡುವ ಇಎಂಇ ವಿಭಾಗದಲ್ಲಿ ಸುಬೇದಾರ್ ಆಗಿ ನಿವೃತ್ತರಾದ ನಮ್ಮ ದೊಡ್ಡಪ್ಪನಿಗೆ ಫೆರೆಟ್ ಫೋಟೋ ತೋರಿಸಿದೆ. "ಎಂತ ಮಾರಾಯ, ಕೋವಿಗೆ ನಮಗೆ ಲೈಸೆನ್ಸ್ ವಿನಾಯಿತಿ ಉಂಟು, ಇದಕ್ಕೆ ಯಾರು ಕೊಡ್ತಾರೆ?" ಅಂದರು. ಸರಿಯಾದ ಪ್ರಶ್ನೆಯೇ. ಸೇನೆ ತನ್ನ ಹಳೆಯ ಟ್ಯಾಂಕುಗಳನ್ನು ಸ್ಮಾರಕಗಳಿಗೆ, ಮ್ಯೂಸಿಯಂಗಳಿಗೆ ಕೊಡುತ್ತದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ. ಟ್ಯಾಂಕ್ ಆಸೆ ಇದ್ದವರು ಅಲ್ಲಿ ಹೋಗಿ ನೋಡಬಹುದು. ಇದೇ ತಿಮ್ಮಯ್ಯನವರು 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿ ಲಾ ಕಣಿವೆಗೆ ಸ್ಟುವರ್ಟ್ ಟ್ಯಾಂಕ್‌ಗಳನ್ನು ಹತ್ತಿಸಿದರು. ಟರೆಟ್, ಅಂದರೆ ತೋಪು ಕೂರಿಸಿದ ಮೇಲಿನ ಗೂಡು ಬಿಚ್ಚಿ, ಯಾರಿಗೂ ಗೊತ್ತಾಗದ ಹಾಗೆ ಕಣಿವೆಯ ಬುಡದ ಬಾಲ್ಟಾಲ್‌ವರೆಗೆ ಸಾಗಿಸಿದ್ದ ಟ್ಯಾಂಕುಗಳು ಅವು. ಆದರೆ ಅವರ ಹಿಂದೆ ಸೇನೆಯ ಒಂದು ಡಿವಿಷನ್ ಇತ್ತು. ನಮ್ಮ ಹಿಂದೆ ಇರುವುದು ಪೇಟೆಯ ಒಂದು ಗ್ಯಾರೇಜು.

ಹಾಗಾಗಿ ನಿಜವಾದ ಪೈಪೋಟಿ ಜೀಪಿಗೂ ಜೊಂಗಾಕ್ಕೂ.

ನಮ್ಮ ಜೀಪು ಫೋರ್ಡ್ ಜಿಪಿಡಬ್ಲ್ಯೂ. ವಿಲ್ಲೀಸ್ ಕಂಪನಿಯ ಎಂಬಿ ಜೀಪಿನ ನಕ್ಷೆಯನ್ನೇ ತೆಗೆದುಕೊಂಡು ಫೋರ್ಡ್ ಕಟ್ಟಿದ ಗಾಡಿ. 1941ರಿಂದ 1945ರೊಳಗೆ ಎರಡೂ ಕಂಪನಿ ಸೇರಿ ಆರು ಲಕ್ಷಕ್ಕೂ ಜಾಸ್ತಿ ಕಟ್ಟಿದವು. ಫೋರ್ಡ್‌ನವರು ತಮ್ಮ ಬೋಲ್ಟ್‌ಗಳ ತಲೆಯ ಮೇಲೂ ಎಫ್ ಅಕ್ಷರ ಒತ್ತಿದ್ದಾರೆ. ಕೊಳ್ಳುವಾಗ ಅದನ್ನು ಹುಡುಕಿ. ಮುಂದಿನ ಗ್ರಿಲ್ಲಿನಲ್ಲಿ ಸೀಳುಗಳನ್ನೂ ಎಣಿಸಿ. ಯುದ್ಧಕಾಲದ ಜೀಪಿಗೆ ಒಂಬತ್ತು. ಏಳಿದ್ದರೆ ಅದು ಆಮೇಲಿನ ಸಿವಿಲ್ ಜೀಪು, ನಮ್ಮಲ್ಲಾದರೆ ಬಹುಪಾಲು ಮಹೀಂದ್ರಾ. ಅದನ್ನೇ ವಿಲ್ಲೀಸ್ ಎಂದು ಹೇಳಿ ವಿಲ್ಲೀಸ್ ರೇಟಿಗೆ ಮಾರುವವರು ಕಮ್ಮಿ ಇಲ್ಲ.

ಜೊಂಗಾ ನಿಸ್ಸಾನ್ ಪ್ಯಾಟ್ರೋಲ್ 60 ಎಂಬ ಗಾಡಿಯ ಭಾರತದ ರೂಪ. ನಿಸ್ಸಾನ್ ಲೈಸೆನ್ಸ್ ಮೇಲೆ ಜಬಲ್ಪುರದ ಕಾರ್ಖಾನೆಯಲ್ಲಿ 1969ರಿಂದ 1999ರವರೆಗೆ ಬಂತು. 3,956 ಸಿಸಿ, ಆರು ಸಿಲಿಂಡರ್, ಸುಮಾರು 110 ಕುದುರೆ ಶಕ್ತಿ. ಜೀಪಿನದು 2.2 ಲೀಟರ್, 60 ಕುದುರೆ ಶಕ್ತಿ. ಕಾಗದದ ಮೇಲೆ ಇದು ಪೈಪೋಟಿಯೇ ಅಲ್ಲ. ಭಾಗಮಂಡಲದಿಂದ ತಲಕಾವೇರಿ ಏರಿನಲ್ಲಿ ಜೊಂಗಾ ಎರಡನೇ ಗೇರಿನಲ್ಲಿ, ಐದು ಜನರನ್ನು ಕೂರಿಸಿಕೊಂಡು, ಸದ್ದೇ ಬದಲಾಯಿಸದೆ ಹತ್ತುತ್ತದೆ. ಜೀಪು ಅದೇ ಏರಿನಲ್ಲಿ ಬುಸುಗುಡುತ್ತದೆ. ಪಕ್ಕದಲ್ಲಿ ಕೂತವರು ಸುಮ್ನೆ ಮುಂದಕ್ಕೆ ಬಾಗುತ್ತಾರೆ, ತಾವೇ ತಳ್ಳುತ್ತಿರುವ ಹಾಗೆ.

ಇಳಿಯುವಾಗ ಲೆಕ್ಕ ತಿರುಗುತ್ತದೆ. ಜೊಂಗಾದ ಮೈ ಭಾರ, ನಾಲ್ಕೂ ಕಡೆ ಡ್ರಮ್ ಬ್ರೇಕ್, ಪವರ್ ಸ್ಟೀರಿಂಗ್ ಇಲ್ಲ. ಘಾಟಿ ಇಳಿದ ಮೇಲೆ ತೋಳು, ಕಾಲು ಎರಡೂ ಮಾತಾಡುತ್ತವೆ. ಜೀಪಿನ ಬ್ರೇಕೂ ಹೇಳಿಕೊಳ್ಳುವಂಥದ್ದಲ್ಲ. ಆದರೆ ಗಾಡಿ ಒಂದು ಟನ್‌ಗಿಂತ ಸ್ವಲ್ಪ ಮೇಲಷ್ಟೇ. ಗೇರಿನಲ್ಲೇ ಹಿಡಿದು ಇಳಿಸಬಹುದು. ಎರಡರಲ್ಲೂ ತೋಡು, ಅಂದರೆ ಸಣ್ಣ ಹಳ್ಳ, ದಾಟಿದ ಮೇಲೆ ಬ್ರೇಕ್ ಪೆಡಲನ್ನು ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ಓಡಿಸಿ ಡ್ರಮ್ ಒಣಗಿಸಬೇಕು. ಇದನ್ನು ಮರೆತು ಮೊದಲ ತಿರುವಿಗೆ ಹೋಗಬೇಡಿ. ಇನ್ನೊಂದು ಮಾತು, ಯುದ್ಧಕಾಲದ ಜೀಪಿನ ಸ್ಟೀರಿಂಗ್ ಎಡಕ್ಕಿದೆ. ನಮ್ಮ ರಸ್ತೆಯಲ್ಲಿ ಲಾರಿ ಹಿಂದೆ ಸಿಕ್ಕಿಹಾಕಿಕೊಂಡರೆ ಓವರ್‌ಟೇಕ್ ಮಾಡಲು ಬಲಗಡೆ ಕೂತವರ ಮಾತನ್ನು ನಂಬಬೇಕು. ಮನೆಯವರ ಜೊತೆ ಜಗಳ ಬೇಡವೆಂದರೆ ಹಿಂದೆಯೇ ಹೋಗಿ.

ತೋಟದೊಳಗಿನ ದಾರಿಯಲ್ಲಿ ಜೀಪಿಗೆ ಸಾಟಿ ಇಲ್ಲ. ಉದ್ದ 3.3 ಮೀಟರ್, ಅಗಲ 1.6 ಮೀಟರ್ ಒಳಗೇ. ಕಣದಿಂದ ಕೆರೆಗೆ ಇಳಿಯುವ ದಾರಿಯಲ್ಲಿ ಜೀಪು ಒಂದೇ ಸಲಕ್ಕೆ ತಿರುಗುತ್ತದೆ. ಜೊಂಗಾ ಹಿಂದೆ ಮುಂದೆ ಮಾಡಿ, ಒಂದೆರಡು ಕಾಫಿ ಗಿಡದ ರೆಂಬೆ ಮುರಿದೇ ತಿರುಗುವುದು.

ಈಗ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಬ್ಬಿಣ ಒಣಗುವುದೇ ಇಲ್ಲ. ಜೀಪಿನ ನಿಜವಾದ ಕಾಯಿಲೆ ಇಲ್ಲೇ. ನೆಲದ ತಗಡಿನ ಕೆಳಗೆ ಅದನ್ನು ಹೊರುವ ಟೊಪ್ಪಿ ಆಕಾರದ ಪಟ್ಟಿಗಳಿವೆ. ಕಾರ್ಖಾನೆಯಲ್ಲೇ ಅವುಗಳ ಒಳಗೆ ಮರದ ತುಂಡು ತುಂಬಿಸಿದ್ದರು. ಮರ ನೀರು ಕುಡಿದು ಇಟ್ಟುಕೊಳ್ಳುತ್ತದೆ, ತಗಡು ಒಳಗಿನಿಂದ ತಿಂದುಹೋಗುತ್ತದೆ. ಮೇಲೆ ಪೇಂಟ್ ಚೆನ್ನಾಗಿಯೇ ಕಾಣುತ್ತಿರುತ್ತದೆ. ಕೊಳ್ಳುವ ಮೊದಲು ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಮಲಗಿ ಕುಟ್ಟಿ ನೋಡಿ. ಮೆತ್ತಗೆ ಸದ್ದು ಬಂದರೆ ರೇಟಿನಲ್ಲಿ ದೊಡ್ಡ ಮೊತ್ತ ಇಳಿಸಿ. ನಮ್ಮ ಜೀಪಿಗೆ ಆ ಪಟ್ಟಿಗಳನ್ನೆಲ್ಲ ಹೊಸದಾಗಿ ಮಡಿಸಿ ಹಾಕಿಸಿದ್ದೇವೆ, ಮರ ಇಲ್ಲದೆ. ಶುದ್ಧವಾದಿಗಳು ಬೈಯಲಿ. ಅವರ ಊರಿನಲ್ಲಿ ನಮ್ಮ ಆಟಿ ಮಳೆ ಬರುವುದಿಲ್ಲ.

ಮುಂದಿನ ಆಕ್ಸಲ್ ತುದಿಯಲ್ಲಿ ಚಕ್ರ ತಿರುಗುವ ಗುಂಡಗಿನ ಕೀಲಿನ ಸುತ್ತ ಫೆಲ್ಟ್ ಸೀಲ್ ಇದೆ. ಮಳೆಗಾಲ ಮುಗಿದ ತಕ್ಷಣ ಅದನ್ನು ಬಿಚ್ಚಿ ಗ್ರೀಸ್ ನೋಡಬೇಕು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿದೆ ಎಂದೇ ಅರ್ಥ. ಮೂಲ ಜೀಪಿನ ವೈರಿಂಗ್ 6 ವೋಲ್ಟಿನದು. ಥಂಡಿ ಬೆಳಿಗ್ಗೆ ಸ್ಟಾರ್ಟರ್ ಮನಸ್ಸಿಲ್ಲದೆ ತಿರುಗುತ್ತದೆ. 12 ವೋಲ್ಟಿಗೆ ಬದಲಾಯಿಸುವವರೇ ಜಾಸ್ತಿ. ನಾವು ಬದಲಾಯಿಸಿಲ್ಲ, ದಪ್ಪ ಕೇಬಲ್ ಹಾಕಿ ಅರ್ತ್ ಜಾಗವನ್ನೆಲ್ಲ ಉಜ್ಜಿ ಇಟ್ಟಿದ್ದೇವೆ. ಅಷ್ಟಕ್ಕೇ ತೊಂದರೆ ಬಹಳ ಕಮ್ಮಿಯಾಯಿತು. ಜೊಂಗಾದ ತಗಡು ಇದಕ್ಕಿಂತ ಗಟ್ಟಿ, ತುಕ್ಕಿನ ಕಾಟ ಕಮ್ಮಿ. ಆ ವಿಷಯದಲ್ಲಿ ಅದಕ್ಕೆ ಪೂರ್ತಿ ಮಾರ್ಕ್ಸ್.

ಆದರೆ ಜೊಂಗಾ ಒಮ್ಮೆ ನಿಂತರೆ ನಿಂತ ಹಾಗೆಯೇ. ಸಾಮಾನು ಮಡಿಕೇರಿಯಲ್ಲಿ ಬಿಡಿ, ಮೈಸೂರಿನಲ್ಲೂ ಕೈಗೆ ಸಿಗುವುದಿಲ್ಲ. ಫೋನು ಮಾಡಿ, ಫೋಟೋ ಕಳಿಸಿ, ಉತ್ತರ ಭಾರತದಿಂದ ಪಾರ್ಸೆಲ್ ತರಿಸಬೇಕು. ನಾವು ದುಡ್ಡು ಕಟ್ಟಿ ತರಿಸಿದ ಒಂದು ವಾಟರ್ ಪಂಪ್ ಬೇರೆ ಯಾವುದೋ ಗಾಡಿಯದ್ದಾಗಿತ್ತು. ವಾಪಸ್ ಕಳಿಸುವ ಖರ್ಚು ಪಂಪಿನ ಬೆಲೆಗೆ ಹತ್ತಿರ ಬಂತು. ಧೋನಿ 2019ರಲ್ಲಿ ಜೊಂಗಾ ಕೊಂಡ ಸುದ್ದಿ ಬಂದ ಮೇಲೆ ಕೇಳುವವರು ಹೆಚ್ಚಾದರು, ಮಾರುವವರ ದನಿಯೂ ಏರಿತು. ಸಾಮಾನು ಮಾತ್ರ ಹೆಚ್ಚಾಗಲಿಲ್ಲ. ಇದೇ ಕಾರಣಕ್ಕೆ ಎಷ್ಟೋ ಜೊಂಗಾಗಳಿಗೆ ಡೀಸೆಲ್ ಇಂಜಿನ್ ಕೂರಿಸಿದ್ದಾರೆ. ಓಡುತ್ತದೆ, ಸರಿ. ಆದರೆ ಆ ಆರು ಸಿಲಿಂಡರ್ ಇಲ್ಲದ ಜೊಂಗಾ ನನಗೆ ಬೇಡ.

ಜೀಪಿನ ಕಥೆ ಬೇರೆ. ಮಂಡಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳು ಇರುವವರೆಗೆ ಮಡಿಕೇರಿಯಲ್ಲಿ ಜೀಪ್ ಮೆಕ್ಯಾನಿಕ್‌ಗಳಿಗೆ ಬರ ಇಲ್ಲ. ಅವುಗಳ ಡೀಸೆಲ್ ಇಂಜಿನ್ ಬೇರೆ. ಆದರೆ ಮಹೀಂದ್ರಾ ಗಾಡಿ ಕಟ್ಟಲು ಶುರು ಮಾಡಿದ್ದೇ ವಿಲ್ಲೀಸ್ ಜೀಪು ಜೋಡಿಸುವುದರಿಂದ. ಕೆಳಗಿನ ಕಟ್ಟು ಬಹುಕಾಲ ಹಾಗೆಯೇ ಉಳಿಯಿತು. ಅವುಗಳ ಟ್ರಾನ್ಸ್‌ಫರ್ ಕೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ, ಬಿಚ್ಚಿದ ಕೈ ನಮ್ಮ ಜೀಪಿನದನ್ನೂ ಬಿಚ್ಚುತ್ತದೆ, ಪುಸ್ತಕ ನೋಡದೆ. ವಾಲ್ವ್‌ಗಳು ಹೆಡ್‌ನಲ್ಲಿರದೆ ಪಕ್ಕದಲ್ಲಿರುವ ಸೈಡ್ ವಾಲ್ವ್ ಇಂಜಿನ್ ಆದ್ದರಿಂದ ಹೆಡ್ ಎಂದರೆ ಬರೀ ಒಂದು ಮುಚ್ಚಳ. ಕುಕ್ಕರ್ ಮುಚ್ಚಳ ತೆಗೆದ ಹಾಗೆ ತೆಗೆದು ಮಸಿ ಕೆರೆದು ಮುಚ್ಚಬಹುದು. ಜೀಪಿನ ಮೂರು ಸ್ಪೀಡ್ ಗೇರ್‌ಬಾಕ್ಸ್ ಮಾತ್ರ ಬಡಪಾಯಿ. ಸವೆದಿದ್ದರೆ ಇಳಿಜಾರಿನಲ್ಲಿ ಗೇರ್ ತಾನಾಗಿಯೇ ಹೊರಗೆ ಹಾರುತ್ತದೆ. ಟೆಸ್ಟ್ ಡ್ರೈವ್ ಎಂದರೆ ಇಳಿಜಾರಿನಲ್ಲೇ ಮಾಡಿ.

ಪೆಟ್ರೋಲ್ ಲೆಕ್ಕ ಕೇಳುವವರಿಗೆ: ಜೊಂಗಾ ಘಾಟಿಯಲ್ಲಿ ಲೀಟರಿಗೆ ನಾಲ್ಕೈದು ಕಿಲೋಮೀಟರ್, ಜೀಪು ಏಳೆಂಟು. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ಎರಡಕ್ಕೂ ಶತ್ರು. ಹಳೆಯ ರಬ್ಬರ್ ಪೈಪು, ಫ್ಯುಯೆಲ್ ಪಂಪಿನ ಡಯಾಫ್ರಾಮ್ ಮೆತ್ತಗಾಗುತ್ತವೆ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ನಿಂತ ಗಾಡಿಯ ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುತ್ತದೆ. ಜೀಪಿನ ಟ್ಯಾಂಕ್ ಡ್ರೈವರ್ ಸೀಟಿನ ಅಡಿಯಲ್ಲೇ ಇದೆ, ಆದ್ದರಿಂದ ಪೈಪು ಸೋರಿದರೆ ಮೊದಲು ಗೊತ್ತಾಗುವುದು ನಿಮಗೇ. ಮಳೆಗಾಲಕ್ಕೆ ನಿಲ್ಲಿಸುವ ಮೊದಲು ನಾವು ಟ್ಯಾಂಕ್, ಕಾರ್ಬ್ಯುರೇಟರ್ ಎರಡನ್ನೂ ಖಾಲಿ ಮಾಡುತ್ತೇವೆ.

ಜಿಪ್ಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಅದು ತೊಂದರೆ ಕೊಡುವುದಿಲ್ಲ. 1985ರಲ್ಲಿ 970 ಸಿಸಿ ಇಂಜಿನ್ನಿನೊಂದಿಗೆ ಬಂತು, 1996ರಲ್ಲಿ 1.3 ಲೀಟರ್ ಆಯಿತು. ಸೇನೆ ಬಳಸಿ ಬಿಟ್ಟ ಜಿಪ್ಸಿ ಹಗುರ, ಕೆಸರಿನಲ್ಲಿ ಹೂತುಕೊಳ್ಳುವುದು ಕಮ್ಮಿ, ಸಾಮಾನು ಗೋಣಿಕೊಪ್ಪದಲ್ಲೇ ಸಿಗುತ್ತದೆ. ಬೆನ್ನು ಮಾತ್ರ ನಿಮ್ಮದು, ಲೀಫ್ ಸ್ಪ್ರಿಂಗ್ ಅದರದ್ದು. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬರಲು ಮಿಲಿಟರಿ ಗಾಡಿ ಬೇಕೆಂದರೆ ಇದನ್ನೇ ತೆಗೆದುಕೊಳ್ಳಿ. ಹವ್ಯಾಸಕ್ಕೆ ಎಂದರೆ ನನಗೆ ಸಪ್ಪೆ. ಭಾನುವಾರ ಬಿಚ್ಚಲು ಏನೂ ಇರುವುದಿಲ್ಲ.

ಕಾಗದಪತ್ರದ ವಿಷಯ ಎಲ್ಲಕ್ಕೂ ಒಂದೇ. ಹರಾಜಿನ ಕಾಗದ, ಚಾಸಿಸ್ ನಂಬರ್, ಇಂಜಿನ್ ನಂಬರ್ ಮೂರೂ ತಾಳೆಯಾಗದಿದ್ದರೆ ಎಷ್ಟು ಚಂದ ಇದ್ದರೂ ಬಿಟ್ಟುಬಿಡಿ. ಸೇನೆಯ ಬಾಣದ ಗುರುತಿನ ನಂಬರ್ ಪ್ಲೇಟ್ ಹಾಗೆಯೇ ಹಾಕಿಕೊಂಡು ಓಡಿಸುವಂತಿಲ್ಲ. ಆಲಿವ್ ಗ್ರೀನ್ ಬಣ್ಣವೂ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಅದು ರಕ್ಷಣಾ ಇಲಾಖೆಗೆ ಮಾತ್ರ. ನಮ್ಮ ಜೊಂಗಾಕ್ಕೆ ಬೂದಿ ಬಣ್ಣ ಹೊಡೆಸಿದ ದಿನ ದೊಡ್ಡಪ್ಪ ಅದರ ಸುತ್ತ ಒಂದು ಸುತ್ತು ಹಾಕಿ, "ಇದಕ್ಕೀಗ ಪೆನ್ಷನ್ ಆಯ್ತು" ಅಂದು ಒಳಗೆ ಹೋದರು.

50 ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ. ಹೊಸದಕ್ಕೆ 20,000 ರೂಪಾಯಿ, 10 ವರ್ಷಕ್ಕೆ ಲೆಕ್ಕ, ನವೀಕರಣಕ್ಕೆ 5,000. ನಂಬರಿನಲ್ಲಿ ವಿಎ ಎಂಬ ಅಕ್ಷರ ಬರುತ್ತದೆ. ಚಾಸಿಸ್, ಬಾಡಿ, ಇಂಜಿನ್ ಬದಲಾಗಿರಬಾರದು, ಅಲ್ಲಿಗೆ ಡೀಸೆಲ್ ಕೂರಿಸಿದ ಜೊಂಗಾಗಳು ಹೊರಗೆ. ವಿಂಟೇಜ್ ಗಾಡಿಯನ್ನು ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನದ ಓಡಾಟಕ್ಕೆ ಅಲ್ಲ. ವಿರಾಜಪೇಟೆ ಸಂತೆಗೆ ಹೋಗಿ ಮೀನು ತರುವ ಯೋಚನೆ ಇದ್ದರೆ ಮಾಮೂಲಿ ಕೆಎ-12 ನಂಬರನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಿ. ನಮ್ಮ ಜೀಪು ಹಾಗೆಯೇ ಇದೆ. ಜೊಂಗಾವನ್ನು ವಿಂಟೇಜ್ ಮಾಡಿಸಬೇಕು ಎಂದು ತಮ್ಮ ಹೇಳುತ್ತಿದ್ದಾನೆ, ಮಾರಿಬಿಡೋಣ ಎಂದು ನಾನು. ಕೊಳ್ಳಲು ಮನಸ್ಸಿದ್ದವರು ಕಾಫಿ ಕೊಯ್ಲು ಮುಗಿದ ಮೇಲೆ ಬಂದು ನೋಡಿ. ಆ ವಾಟರ್ ಪಂಪನ್ನು ಬಿಟ್ಟಿಯಾಗಿ ಕೊಡುತ್ತೇನೆ.