ಕೃತಕ ಕಾಲಿನ ಶಿಬಿರಕ್ಕೆ ಐದು ದಿನ ಹೋಗಿದ್ದೆ: ಕೆಲಸಕ್ಕೆ ಪೂರ್ತಿ ಅಂಕ, ಆಮೇಲಿನದ್ದಕ್ಕೆ ಇಲ್ಲ

ಒಂದು ಕ್ರೈಸ್ತ ಮಿಷನ್ ತಂಡದವರು ವಿರಾಜಪೇಟೆ ತಾಲೂಕಿನ ಚರ್ಚ್ ಹಾಲ್ ಒಂದರಲ್ಲಿ ಕೃತಕ ಕಾಲು ಜೋಡಿಸುವ ಶಿಬಿರ ಮಾಡಿದರು. ನಮ್ಮ ತೋಟದಲ್ಲಿ ಕಾಫಿ ಕೊಯ್ಲು ಮುಗಿದಿತ್ತು, ಕಾಳುಮೆಣಸು ಇನ್ನೂ ಶುರುವಾಗಿರಲಿಲ್ಲ. ಸುಮ್ನೆ ಕೂರುವ ಬದಲು ಸ್ವಯಂಸೇವಕನಾಗಿ ಹೆಸರು ಕೊಟ್ಟೆ. ಮುಂದಿನ ಸಲ ಹೋಗುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ತಂಡದ ಹೆಸರು ಹಾಕುವುದಿಲ್ಲ.

ಮೊದಲು ಎಲ್ಲರೂ ಕಿವಿಯಲ್ಲಿ ಕೇಳುವ ಪ್ರಶ್ನೆ. ಮತಾಂತರ ಮಾಡ್ತಾರಾ? ನಾನು ಕ್ರೈಸ್ತನಲ್ಲ. ಬೆಳಗ್ಗೆ ಎಂಟಕ್ಕೆ ಹತ್ತು ನಿಮಿಷ ಪ್ರಾರ್ಥನೆ ಇರುತ್ತಿತ್ತು, ಬೇಕಿದ್ದವರು ನಿಲ್ಲುತ್ತಿದ್ದರು, ನಾನು ಆ ಹೊತ್ತಲ್ಲಿ ಹಿಂದಿನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ, ಯಾರೂ ಏನೂ ಅನ್ನಲಿಲ್ಲ. ಬಂದವರನ್ನು ಹೆಸರು, ಊರು, ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳಿದರು. ಜಾತಿ, ಧರ್ಮ ಕೇಳಿದ್ದು ನನ್ನ ಕಣ್ಣಿಗಂತೂ ಬೀಳಲಿಲ್ಲ.

ಕುರ್ಚಿ ಹೊರುವ ಕೆಲಸ ಕೊಡ್ತಾರೆ ಅಂದುಕೊಂಡಿದ್ದೆ. ಮೊದಲ ಅರ್ಧ ದಿನ ಅದೇ ಆಯಿತು. ಆಮೇಲೆ ಮಾತು ದಾಟಿಸುವ ಕೆಲಸ ಬಿತ್ತು. ಟೆಕ್ನೀಷಿಯನ್‌ಗಳು ತಮಿಳುನಾಡಿನವರು. ಬಂದವರಲ್ಲಿ ಒಬ್ಬರು ಮಲಯಾಳ, ಪಕ್ಕದವರು ತುಳು, ಆಚೆಯವರು ಕೊಡವ ತಕ್ಕ್, ತೋಟದ ಕಾರ್ಮಿಕರ ಲೈನ್ ಮನೆಯಿಂದ ಬಂದ ಎರವ ಬುಡಕಟ್ಟಿನ ಹುಡುಗನದು ಬೇರೆಯೇ ಮಾತು. ಒಂದೇ ಬೆಂಚಿನ ಮೇಲೆ ಇಷ್ಟೂ. ನೋವನ್ನು ಇನ್ನೊಂದು ಭಾಷೆಗೆ ದಾಟಿಸೋದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಉರಿ ಬೇರೆ, ಚುಚ್ಚೋದು ಬೇರೆ, ಜೋಮು ಬೇರೆ, ಅಲ್ವಾ? ಚುಚ್ಚುತ್ತೆ ಅಂದರೆ ಸಾಕೆಟ್, ಅಂದರೆ ಉಳಿದ ಕಾಲು ಕೂರುವ ಕೃತಕ ಕಾಲಿನ ಮೇಲ್ಭಾಗ, ಎಲ್ಲೋ ಮೂಳೆಗೆ ಒತ್ತುತ್ತಿದೆ, ಅಲ್ಲಿ ಬಿಡಿಸಬೇಕು. ನಾನು ಒಮ್ಮೆ ಎಲ್ಲಕ್ಕೂ ಸೇರಿಸಿ ತಮಿಳಿನಲ್ಲಿ "ವಲಿ" (ನೋವು) ಅಂದುಬಿಟ್ಟೆ. ಟೆಕ್ನೀಷಿಯನ್ ಅಣ್ಣ ಕೈ ನಿಲ್ಲಿಸಿ, ಸರಿಯಾಗಿ ಕೇಳಿ ಹೇಳಿ ಅಂದರು. ಸರಿಯಾಗಿಯೇ ಬೈದರು.

ಒಬ್ಬ ಅಜ್ಜ ನನ್ನನ್ನು ಹತ್ತಿರ ಕರೆದು, ಇಲ್ಲದ ಕಾಲಿನ ಹೆಬ್ಬೆರಳು ರಾತ್ರಿ ತುರಿಸುತ್ತೆ, ಮನೆಯಲ್ಲಿ ಹೇಳಿದರೆ ತಲೆ ಕೆಟ್ಟಿದೆ ಅಂತಾರೆ ಅಂದರು. ಕಾಲು ಹೋದವರಲ್ಲಿ ಇದು ತುಂಬಾ ಜನಕ್ಕೆ ಆಗುತ್ತೆ, ಹುಚ್ಚಲ್ಲ ಅಂತ ಸಿಸ್ಟರ್ ಹೇಳಿದರು. ಅಜ್ಜ ಅದನ್ನು ಮಗನ ಎದುರಿಗೆ ಇನ್ನೊಂದು ಸಲ ಹೇಳಿಸಿದರು.

ಕಾಲು ಮಾಡುವುದನ್ನು ನೋಡಬೇಕು. ಅದಕ್ಕಾದರೂ ಹೋಗಿ. ಮಂಡಿ ಕೆಳಗೆ ಹೋದ ಕಾಲಾದರೆ ಸ್ಟಂಪಿಗೆ, ಅಂದರೆ ಉಳಿದ ಮೋಟು ಕಾಲಿಗೆ, ಒದ್ದೆ ಪ್ಲಾಸ್ಟರ್ ಬ್ಯಾಂಡೇಜ್ ಸುತ್ತುತ್ತಾರೆ. ಅದು ಗಟ್ಟಿಯಾಗುವ ಹೊತ್ತಲ್ಲಿ ಟೆಕ್ನೀಷಿಯನ್ ಎರಡೂ ಹೆಬ್ಬೆರಳನ್ನು ಮಂಡಿಚಿಪ್ಪಿನ ಕೆಳಗೆ ಒತ್ತಿ ಹಿಡಿಯುತ್ತಾರೆ. ಮೈಭಾರ ಸ್ಟಂಪಿನ ತುದಿಗೆ ಬೀಳಬಾರದು, ಅಲ್ಲಿ ಕೂರಬೇಕು. ಆ ಅಚ್ಚಿನೊಳಗೆ ಪ್ಲಾಸ್ಟರ್ ಹುಯ್ದು, ಗಟ್ಟಿಯಾದ ಮೇಲೆ ಅರದಿಂದ ಉಜ್ಜಿ ತಿದ್ದಿ, ಒಲೆಯಲ್ಲಿ ಮೆತ್ತಗಾದ ಎಚ್‌ಡಿಪಿಇ ಅನ್ನೋ ಗಟ್ಟಿ ಪ್ಲಾಸ್ಟಿಕ್ ಪೈಪನ್ನು ಅದರ ಮೇಲೆ ಎಳೆಯುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುತ್ತೇವಲ್ಲ, ಅದೇ ಜಾತಿ ಪೈಪು! ಬಿಸಿ ಪೈಪಿನ ವಾಸನೆ ಇನ್ನೂ ನನ್ನ ಅಂಗಿಯಲ್ಲಿದೆ.

ಕೆಳಗೆ ಕೂರಿಸಿದ್ದು ಜೈಪುರದ ರಬ್ಬರ್ ಪಾದ. 1960ರ ದಶಕದ ಕೊನೆಗೆ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾಕ್ಟರ್ ಪಿ.ಕೆ. ಸೇಠಿ ಸೇರಿ ಮಾಡಿದ್ದು. ಅದಕ್ಕೂ ಮೊದಲು ಬರುತ್ತಿದ್ದ ಪಾದ ಶೂ ಹಾಕಿ ಓಡಾಡುವವರಿಗೆ ಮಾಡಿದ್ದು, ನಮ್ಮ ಜನ ನೆಲದ ಮೇಲೆ ಕೂರಬೇಕು, ಬರಿಗಾಲಲ್ಲಿ ಕೆಸರಿಗೆ ಇಳಿಯಬೇಕು. ಇದು ಅದಕ್ಕೆಲ್ಲ ಬಗ್ಗುತ್ತೆ. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಕಾಲು ಕಳೆದುಕೊಂಡ ಒಬ್ಬರು, ಗಂಬೂಟ್ ಹಾಕಬಹುದಾ ಅಂತ ಕೇಳಿದರು. ಕೇಳಿದ್ದಷ್ಟೇ ಅಲ್ಲ, ಚೀಲದಲ್ಲಿ ಗಂಬೂಟ್ ತಂದೇ ಇದ್ದರು. ರಬ್ಬರಿಗೆ ರಬ್ಬರ್ ಕಚ್ಚಿಕೊಂಡು ಒಳಗೆ ಹೋಗಲೇ ಇಲ್ಲ. ಟೆಕ್ನೀಷಿಯನ್ ಪಾದಕ್ಕೆ ಒಂದು ಪ್ಲಾಸ್ಟಿಕ್ ಕವರ್ ಹಾಕಿ ತಳ್ಳಿದರು, ಸರಕ್ ಅಂತ ಇಳಿಯಿತು. ಇಡೀ ಹಾಲ್ ನಕ್ಕಿತು.

ತಂಡದ ಹಿರಿಯರೊಬ್ಬರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) ಕಲಿತವರು. ಊಟಕ್ಕೆ ಕೂತಾಗ ಡಾಕ್ಟರ್ ಮೇರಿ ವರ್ಗೀಸ್ ಕತೆ ಹೇಳಿದರು. 1954ರಲ್ಲಿ ವಾಹನ ಅಪಘಾತವಾಗಿ ಅವರ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಮೇಲೆ ಗಾಲಿಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರ ಶುರುವಾದಾಗ ಅದನ್ನು ನಡೆಸಿದ್ದೂ ಅವರೇ. "ಅಲ್ಲಿ ವಾರಗಟ್ಟಲೆ ಇಟ್ಟುಕೊಂಡು ನಡೆಯೋದು ಕಲಿಸ್ತೀವಿ, ಇಲ್ಲಿ ಒಂದೇ ಮಧ್ಯಾಹ್ನ" ಅಂದರು ಅವರು, ಅನ್ನ ಕಲೆಸುತ್ತಾ.

ನನ್ನ ತಕರಾರು ಇರೋದೂ ಅಲ್ಲೇ. ಕಾಲು ಹೊಸದಾಗಿ ಹಾಕಿದ ಮೇಲೆ ಸ್ಟಂಪ್ ಸಣ್ಣಗಾಗುತ್ತಾ ಹೋಗುತ್ತೆ. ಸಾಕೆಟ್ ಸಡಿಲ ಆಗುತ್ತೆ. ಮೊದಲು ಸಾಕ್ಸ್ ಜಾಸ್ತಿ ಹಾಕಿ ಸರಿಮಾಡಬಹುದು, ಆಮೇಲೆ ಸಾಕೆಟ್ಟೇ ಬದಲಾಯಿಸಬೇಕು. ಇದನ್ನೆಲ್ಲ ಹೇಳಿದರು, ನಾನೇ ನಾಲ್ಕು ಭಾಷೆಯಲ್ಲಿ ದಾಟಿಸಿದೆ. ಮತ್ತೆ ಯಾವಾಗ ಬರ್ತೀರಾ ಅಂತ ಜನ ಕೇಳಿದಾಗ ಮಾತ್ರ ಯಾರ ಬಾಯಲ್ಲೂ ಒಂದು ತಾರೀಕು ಬರಲಿಲ್ಲ. ಒಬ್ಬೊಬ್ಬರಿಗೆ ಎರಡು ಸಾಕ್ಸ್ ಕೊಟ್ಟರು, ಅಷ್ಟೇ. ನಮ್ಮ ಮಳೆಗಾಲದಲ್ಲಿ ಎರಡು ಸಾಕ್ಸ್ ಒಣಗೋದು ಯಾವಾಗ?

ಫೋಟೋ ವಿಷಯವೂ ಹಿಡಿಸಲಿಲ್ಲ. ಕಾಲು ಹಾಕುವ ಮೊದಲು ಒಂದು, ಹಾಕಿದ ಮೇಲೆ ಬ್ಯಾನರ್ ಮುಂದೆ ಒಂದು. ಒಬ್ಬ ಅಕ್ಕ ಸೆರಗಿನಿಂದ ಸ್ಟಂಪ್ ಮುಚ್ಚಿಕೊಂಡರೆ, ಕ್ಯಾಮೆರಾದ ಹುಡುಗ ಸರಿಸಿ ಅಂತ ಸನ್ನೆ ಮಾಡಿದ. ನಾನು ಬೇಡ ಅಂದೆ. ಅವನೂ ಬಿಟ್ಟ, ಒಳ್ಳೆಯ ಹುಡುಗ, ಯಾರೋ ಹೇಳಿ ಕಳಿಸಿದ್ದು ಮಾಡುತ್ತಿದ್ದ.

ಹೋಗುವವರು ಹಳೆ ಬಟ್ಟೆ ಹಾಕಿಕೊಂಡು ಹೋಗಿ, ಪ್ಲಾಸ್ಟರ್ ಪುಡಿ ಬಿಡಲ್ಲ. ಊಟ ಚೆನ್ನಾಗಿತ್ತು, ಒಂದು ದಿನ ಕೊಡಗಿನ ಅಕ್ಕಿ ಉಂಡೆ ಕಡಂಬುಟ್ಟು ಕೂಡ. ಗಾಯ ಪೂರ್ತಿ ಒಣಗದವರನ್ನು ಕರೆದುಕೊಂಡು ಹೋಗಬೇಡಿ, ಅಳತೆ ತೆಗೆಯದೆ ವಾಪಸ್ ಕಳಿಸ್ತಾರೆ. ಅದು ಸರಿಯೇ. ಆದರೆ ಮೊದಲೇ ಹೇಳಿದ್ದರೆ ಕುಟ್ಟದ ಕಡೆಯಿಂದ ಎರಡು ಬಸ್ ಬದಲಿಸಿ ಬಂದವರು ಅಷ್ಟು ದೂರ ಬರುತ್ತಿರಲಿಲ್ಲ.

ಐದರಲ್ಲಿ ನಾಲ್ಕು ಸ್ಟಾರ್. ಮೊನ್ನೆ ಗೋಣಿಕೊಪ್ಪ ಸಂತೆಯಲ್ಲಿ ಸೆರಗು ಮುಚ್ಚಿಕೊಂಡಿದ್ದ ಅಕ್ಕ ಸಿಕ್ಕಿದರು. ಕೈಯಲ್ಲಿ ತರಕಾರಿ ಚೀಲ, ಕೋಲು ಇಲ್ಲ. ಸಾಕೆಟ್ ಆಗಲೇ ಸಡಿಲ ಆಗಿದೆಯಂತೆ, ಒಳಗೆ ಮಗನ ಹಳೆ ಟೀಶರ್ಟ್ ಹರಿದು ಸುತ್ತಿಕೊಂಡಿದ್ದರು. ಅಲ್ಲಿಂದಲೇ ತಂಡದವರಿಗೆ ಫೋನ್ ಮಾಡಿದೆ. ಮಳೆ ಮುಗಿಯಲಿ, ನೋಡೋಣ ಅಂದರು. ಐದನೇ ಸ್ಟಾರ್ ಅವರು ಬಂದ ದಿನ ಹಾಕುತ್ತೇನೆ.