ಬಾಯಿ ಬಿಟ್ಟು ಕೆಲಸ ಮಾಡಲು ಒಂದು ಜಾಗ: ಬಾಂದ್ರಾ, ಫೋರ್ಟ್, ಅಂಧೇರಿ

ಮುಂಬೈಯಲ್ಲಿ ತಯಾರಾಗುವ ಹಿಂದಿ ಜಾಹೀರಾತುಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. 30 ಸೆಕೆಂಡಿನ ಹಿಂದಿ ಮಾತು 30 ಸೆಕೆಂಡಿನ ಕನ್ನಡ ಆಗಬೇಕು, ತುಟಿಗೂ ಹೊಂದಬೇಕು. ಹಿಂದಿಯವರು ‘ಶರ್ತೇಂ ಲಾಗೂ’ ಅಂತ 4 ಅಕ್ಷರದಲ್ಲಿ ಮುಗಿಸಿ ಕೈ ತೊಳೆದುಕೊಳ್ಳುತ್ತಾರೆ. ನಮ್ಮ ‘ಷರತ್ತುಗಳು ಅನ್ವಯಿಸುತ್ತವೆ’ ಎಣಿಸಿ ನೋಡಿ, 11. ಆ ಹೆಚ್ಚಿನ 7 ಅಕ್ಷರಕ್ಕೆ ಜಾಗ ಎಲ್ಲಿಂದ ತರುವುದು ಅನ್ನುವುದೇ ನನ್ನ ಹೊಟ್ಟೆಪಾಡು. ಅದಕ್ಕೆ ಸ್ಟಾಪ್‌ವಾಚ್ ಹಿಡಿದು ಒಂದೇ ಸಾಲನ್ನು ಇಪ್ಪತ್ತು ಸಲ ಗಟ್ಟಿಯಾಗಿ ಓದಬೇಕು. ಕೊನೆಗೆ ಸ್ಕ್ರ್ಯಾಚ್ ಕಳಿಸಬೇಕು. ಅಂದರೆ ನಿಜವಾದ ಕಲಾವಿದರು ಬರುವ ಮೊದಲು ಅಳತೆಗೆಂದು ನನ್ನದೇ ದನಿಯ ರೆಕಾರ್ಡಿಂಗ್.

ಘಾಟ್ಕೋಪರ್‌ನ ಒಂದು ಬೆಡ್‌ರೂಮಿನ ಮನೆಯಲ್ಲಿ ಇದು ಆಗುವ ಮಾತಲ್ಲ. ಒಮ್ಮೆ ತುಪ್ಪದ ಜಾಹೀರಾತಿನ ಸ್ಕ್ರ್ಯಾಚಿನಲ್ಲಿ ಅತ್ತೆಯ ಕುಕ್ಕರ್ ಕೂಗಿತ್ತು. ಏಜೆನ್ಸಿಯವರು ಬೇಕಂತಲೇ ಹಾಕಿದ್ದು ಅಂದುಕೊಂಡು ಹೊಗಳಿದರು. ಮುಂದಿನದು ಬ್ಯಾಂಕಿನ ಜಾಹೀರಾತು. ಹೊಗಳಲಿಲ್ಲ.

ಹಾಗಾಗಿ ‘ಕ್ರಿಯೇಟಿವ್ ಜನರಿಗಾಗಿ’ ಅಂತ ಬೋರ್ಡ್ ಹಾಕಿಕೊಂಡ ಮೂರು ಕೋವರ್ಕಿಂಗ್ ಜಾಗಗಳಲ್ಲಿ (ಅಂದರೆ ಮೇಜು ಬಾಡಿಗೆಗೆ ಸಿಗುವ ಹಂಚಿಕೆಯ ಆಫೀಸು) ಒಂದೊಂದು ವಾರ ಕೂತು ನೋಡಿದೆ. ಹೆಸರು ಬೇಡ, ಏರಿಯಾ ಸಾಕು.

ಮೊದಲು ಬಾಂದ್ರಾ. ಹಳೇ ಬಂಗಲೆ, ಅಂಗಳದಲ್ಲಿ ಮರ, ಒಳಗೆ ಗುಲಾಬಿ ಬಣ್ಣದ ನಿಯಾನ್ ದೀಪದಲ್ಲಿ ಬರೆದ ಉಪದೇಶ. ಮೂರರಲ್ಲಿ ಇದೇ ದುಬಾರಿ. ದಿನಕ್ಕೆ 1,000 ರೂಪಾಯಿ, ಮೇಲೆ ಶೇಕಡಾ 18 ಜಿಎಸ್‌ಟಿ. ಕಾಫಿ ಚೆನ್ನಾಗಿತ್ತು, ಕುರ್ಚಿ ಇನ್ನೂ ಚೆನ್ನಾಗಿತ್ತು. ಆದರೆ ಆ ನಿಯಾನ್ ಪಕ್ಕದ ಹುಡುಗಿಯ ಸ್ಕ್ರೀನಿನ ಮೇಲೆ ಬೀಳುತ್ತಿತ್ತು. ಅವಳು ಬಿಸ್ಕತ್ ಪೊಟ್ಟಣದ ಡಿಸೈನ್ ಮಾಡುತ್ತಿದ್ದಳು. ಇಲ್ಲಿ ಹಳದಿ ಕಂಡದ್ದು ಮನೆಗೆ ಹೋದರೆ ಬೇರೆಯೇ ಹಳದಿ ಅಂತ ಗೊಣಗುತ್ತಿದ್ದಳು. ಬಣ್ಣ ನೋಡಿ ಕೆಲಸ ಮಾಡುವವರ ತಲೆ ಮೇಲೆ ಬಣ್ಣದ ದೀಪ ಯಾರಾದರೂ ಹಾಕುತ್ತಾರಾ?

ನನಗೆ ಕೊಟ್ಟದ್ದು ಫೋನ್ ಬೂತ್. ನಾಲ್ಕೂ ಕಡೆ ಗಾಜು. ಗಾಜು ದನಿಯನ್ನು ಕುಡಿಯುವುದಿಲ್ಲ, ವಾಪಸ್ ಎಸೆಯುತ್ತದೆ. ಕೇಳಿ ನೋಡಿದರೆ ಬಚ್ಚಲುಮನೆಯಲ್ಲಿ ಕೂತು ವಿಮೆ ಮಾರಿದ ಹಾಗಿತ್ತು. ಮೂರನೇ ಟೇಕ್ ಒಂದಷ್ಟು ಸರಿಯಾಯಿತು ಅನ್ನುವಾಗ ಹೊರಗೆ ಯಾರದೋ ಬರ್ತ್‌ಡೇ, ಕೇಕು, ಚಪ್ಪಾಳೆ. ಅಲ್ಲಿ ‘ಕಮ್ಯುನಿಟಿ’ ಜಾಸ್ತಿ. ನಾಲ್ಕು ಜನರ ಪರಿಚಯ ಬೇಕಿದ್ದವರಿಗೆ ದುಡ್ಡು ದಂಡವಾಗುವುದಿಲ್ಲ, ಅಷ್ಟಂತೂ ಹೇಳಬೇಕು.

ಫೋರ್ಟ್ ನನಗೆ ನಿಜವಾಗಿ ಇಷ್ಟವಾದ ಜಾಗ. ವಿಟಿ ಸ್ಟೇಷನ್ನಿನಲ್ಲಿ (ನಮ್ಮ ಮನೆಯಲ್ಲಿ ಅದರ ಹೊಸ ಹೆಸರು ಸಿಎಸ್‌ಎಂಟಿ ಅನ್ನುವ ಅಭ್ಯಾಸ ಇನ್ನೂ ಬಂದಿಲ್ಲ) ಇಳಿದರೆ ಹತ್ತು ನಿಮಿಷದ ನಡಿಗೆ. ಹಳೇ ಕಟ್ಟಡದ ಮೂರನೇ ಮಹಡಿ, ಎರಡಾಳೆತ್ತರದ ಕಿಟಕಿ, ಉದ್ದನೆ ಮರದ ಮೇಜು. ಚಿತ್ರ ಬರೆಯುವವರು, ಬಟ್ಟೆಗೆ ಪ್ರಿಂಟ್ ಡಿಸೈನ್ ಮಾಡುವವರು ಜಾಸ್ತಿ. ಕಾಗದ, ಬಣ್ಣ ಬೇಕಾದರೆ ಅಬ್ದುಲ್ ರೆಹಮಾನ್ ಸ್ಟ್ರೀಟ್ ಪಕ್ಕದಲ್ಲೇ. ಊಟದ ಹೊತ್ತಿನಲ್ಲಿ ಕಾಲೆಳೆದುಕೊಂಡು ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೋಗಿ ಬರಬಹುದು, ದುಡ್ಡು ಕೊಡಬೇಕಿಲ್ಲ.

ತೊಂದರೆ ಒಂದೇ. ಅದು ಲೈಬ್ರರಿ. ಪೆನ್ಸಿಲ್ ಕೆಳಗೆ ಬಿದ್ದರೆ ಐದು ತಲೆ ಎದ್ದು ನೋಡುತ್ತವೆ. ನಾನು ತುಟಿಯಲ್ಲೇ ಗುನುಗಿದೆ, ಆಮೇಲೆ ಮೆಟ್ಟಿಲ ಹತ್ತಿರ ನಿಂತು ಓದಿದೆ. ವಾಚ್‌ಮನ್ ಏನೋ ಆಯಿತು ಅಂತ ನೀರು ತಂದುಕೊಟ್ಟ.

ಆದರೆ ಮಂಗಳವಾರ ಅಲ್ಲೊಂದು ಸಂಗತಿ ನಡೆಯಿತು. ಎದುರಿಗೆ ಕೂತಿದ್ದ ಗುಜರಾತಿ ಹುಡುಗ ಸೀರೆ ಅಂಗಡಿಯ ಪೋಸ್ಟರನ್ನು ಆರು ಭಾಷೆಯಲ್ಲಿ ಮಾಡುತ್ತಿದ್ದ. ಕನ್ನಡದ್ದು ನನ್ನ ಕಣ್ಣಿಗೆ ಬಿತ್ತು. ‘ಹಬ್ಬ’ ಅಂತ ಇರಬೇಕಾದದ್ದು ‘ಹಬ್‌ಬ’ ಆಗಿತ್ತು. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ನೆಟ್ಟಗೆ ನಿಂತಿತ್ತು. ಅವನ ಡಿಸೈನ್ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳಿಗೆ ಬೇರೆ ಕಂಪೋಸರ್ (ಅಕ್ಷರ ಜೋಡಿಸುವ ಸೆಟ್ಟಿಂಗ್) ಇದೆ, ಅದನ್ನು ಆನ್ ಮಾಡದಿದ್ದರೆ ಹೀಗೇ ಅಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತದೆ. ಎದ್ದು ಹೋಗಿ ತೋರಿಸಿದೆ. ಎರಡು ಕ್ಲಿಕ್, ಬ ಕೆಳಗೆ ಒತ್ತು ಬಂದು ಕೂತಿತು. ಅವನು ಒಮ್ಮೆ ಪೋಸ್ಟರನ್ನು, ಒಮ್ಮೆ ನನ್ನನ್ನು ನೋಡಿದ. ಅಷ್ಟರಲ್ಲಿ 300 ಪ್ರತಿ ಪ್ರಿಂಟಿಗೆ ಹೋಗಿತ್ತಂತೆ, ಓಡಿಹೋಗಿ ನಿಲ್ಲಿಸಿದ. ಆಮೇಲಿಂದ ಅವನ ಕನ್ನಡ ಕೆಲಸವೆಲ್ಲ ನನಗೇ ಬರುತ್ತಿದೆ. ಕಮ್ಯುನಿಟಿ ಅಂದರೆ ಇದೇ ಇರಬೇಕು, ಕೇಕ್ ಇಲ್ಲದ್ದು.

ಅಂಧೇರಿಗೆ ಹೋಗುವುದು ಸುಲಭ. ಘಾಟ್ಕೋಪರ್‌ನಲ್ಲಿ ಮೆಟ್ರೋ ಹತ್ತಿದರೆ ನೇರ ಆಜಾದ್ ನಗರ. 2014ರಲ್ಲಿ ಆ ಲೈನ್ ಶುರುವಾಗುವ ಮೊದಲು ಇದೇ ದಾರಿಗೆ ಬಸ್ಸಲ್ಲಿ ಎಷ್ಟು ಸಂಜೆ ಕಳೆದಿದ್ದೇನೋ. ವೀರಾ ದೇಸಾಯಿ ರೋಡಿನ ಒಂದು ಇಂಡಸ್ಟ್ರಿಯಲ್ ಎಸ್ಟೇಟ್, ಸಾಮಾನು ಸಾಗಿಸುವ ಲಿಫ್ಟ್, ಕಾರಿಡಾರಿನಲ್ಲಿ ಯಾರದೋ ಚಪ್ಪಲಿ. ಫೋಟೊ ತೆಗೆದು ಹಾಕುವಂಥದ್ದು ಒಂದೂ ಇಲ್ಲ. ಡೆಸ್ಕಿಗೆ ದಿನಕ್ಕೆ 500, ರೆಕಾರ್ಡಿಂಗ್ ಬೂತಿಗೆ ಗಂಟೆಗೆ ಇನ್ನೊಂದು 400.

ಬೂತಿಗೆ ಎರಡು ಬಾಗಿಲು, ನಡುವೆ ಒಂದು ಅಡಿ ಗಾಳಿ. ಒಳಗೆ ಒಂದು ಸ್ಟೂಲ್, ಒಂದು ಮೈಕು. ಗೋಡೆಯ ಫೋಮ್ ಒಂದು ಮೂಲೆಯಲ್ಲಿ ಕಿತ್ತು ಬಂದಿದೆ, ಕಂದು ಟೇಪ್ ಹಾಕಿದ್ದಾರೆ. ಹಿಂದಿನವರು ತಿಂದ ವಡಾಪಾವಿನ ವಾಸನೆ. ಬಾಗಿಲು ಹಾಕಿ ಒಂದು ಚಪ್ಪಾಳೆ ತಟ್ಟಿದೆ. ದನಿ ಹೋಯಿತು, ವಾಪಸ್ ಬರಲಿಲ್ಲ. ನಾನು ಎಂಜಲು ನುಂಗಿದ್ದು ನನಗೇ ಕೇಳಿತು. ರೆಕಾರ್ಡ್ ಮಾಡುವಾಗ ಎಸಿ ಆಫ್ ಮಾಡಬೇಕು, ಇಲ್ಲದಿದ್ದರೆ ಅದರ ಗೊರಕೆಯೂ ಸೇರುತ್ತದೆ. ಹದಿನೈದು ನಿಮಿಷಕ್ಕೆ ಇಡ್ಲಿ ಪಾತ್ರೆ. ಆದರೂ ಬ್ಯಾಂಕಿನ ಸ್ಕ್ರ್ಯಾಚ್ ಎರಡನೇ ಟೇಕಿಗೆ ಓಕೆ ಆಯಿತು.

ಡೆಸ್ಕಿನಲ್ಲೂ ಗಟ್ಟಿಯಾಗಿ ಓದಬಹುದು, ಯಾರೂ ತಿರುಗಿ ನೋಡುವುದಿಲ್ಲ. ಎಲ್ಲರ ಕಿವಿಯಲ್ಲೂ ಹೆಡ್‌ಫೋನ್. ಇಲ್ಲಿನ ಇನ್ನೊಂದು ಲಾಭ ನನಗಲ್ಲ, ವಿಡಿಯೊ ಎಡಿಟರುಗಳಿಗೆ. ಪ್ರತಿ ಮೇಜಿಗೂ ಲ್ಯಾನ್ ಕೇಬಲ್ ಇದೆ. 200 ಜಿಬಿ ಫುಟೇಜ್ ಕಳಿಸಲು 100 ಎಂಬಿಪಿಎಸ್ ವೇಗ ಪೂರ್ತಿ ಸಿಕ್ಕಿದರೂ ನಾಲ್ಕೂವರೆ ಗಂಟೆ ಬೇಕು. ಹಂಚಿಕೊಂಡ ವೈಫೈನಲ್ಲಾದರೆ ರಾತ್ರಿ ಕಳೆಯುತ್ತದೆ.

ಬಾಂದ್ರಾ ಬಿಟ್ಟೆ. ಈಗ ಬರೆಯುವುದಕ್ಕೆ ವಾರದಲ್ಲಿ ಒಂದು ದಿನ ಫೋರ್ಟ್, ಓದಿ ರೆಕಾರ್ಡ್ ಮಾಡುವುದಕ್ಕೆ ಎರಡು ದಿನ ಅಂಧೇರಿ. ಉಳಿದ ದಿನ ಅತ್ತೆಯ ಕುಕ್ಕರಿನ ಟೈಮ್ ನೋಡಿಕೊಂಡು ಮನೆ.

ಅಂಧೇರಿ ಕಟ್ಟಡದ ಕೆಳಗೆ ಉಡುಪಿ ಹೋಟೆಲಿದೆ. ಅಲ್ಲಿಂದ ಕಾಫಿ ತರುವವರು ಕಾರ್ಕಳದ ಕಡೆಯವರು. ಮೊನ್ನೆ ಲೋಟ ಇಡುತ್ತಾ ಸ್ವಲ್ಪ ಹೊತ್ತು ನಿಂತರು.

“ಎಂತ ಮಾರಾಯ್ರೆ, ಬೆಳಗ್ಗೆಯಿಂದ ಅದನ್ನೇ ಹೇಳ್ತಾ ಇದ್ದೀರಲ್ಲ. ಅನ್ವಯಿಸುತ್ತವೆ ಅಂತ ಯಾರಾದ್ರೂ ಮಾತಾಡ್ತಾರಾ? ‘ಷರತ್ತು ಉಂಟು’ ಅಂದ್ರೆ ಸಾಲ್ದಾ?”

ಎಣಿಸಿದೆ. 5 ಅಕ್ಷರ. ಅವತ್ತೇ ಏಜೆನ್ಸಿಗೆ ಕಳಿಸಿದೆ. ಲೀಗಲ್‌ನವರು ಒಪ್ಪಲಿಲ್ಲ.